ಲಾರಿ ಒಂದೇ ಕಡೆಗೆ ಎಳೆಯುತ್ತಿದೆಯಾ? ಕಾರಣ ಹುಡುಕುವುದು ಹೀಗೆ

"ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ, ಆದರೂ ಗಾಡಿ ಎಡಕ್ಕೇ ಎಳೆಯುತ್ತೆ. ಈಗ ಏನು ಮಾಡಲಿ?" ಲಾರಿ ಓಡಿಸುವವರೂ ಲಾರಿ ಇಟ್ಟುಕೊಂಡವರೂ ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರು ಎರಡು ಸಲ ಅಲೈನ್‌ಮೆಂಟ್ ಮಾಡಿಸಿರುತ್ತಾರೆ. ಇನ್ನು ಕೆಲವರು ಹೊಸ ಟೈರನ್ನೇ ಹಾಕಿಸಿರುತ್ತಾರೆ. ಎಳೆತ ಮಾತ್ರ ಹಾಗೇ ಇರುತ್ತದೆ.

ಲಾರಿ ಒಂದು ಕಡೆಗೆ ಎಳೆಯುವುದಕ್ಕೆ ಹತ್ತಾರು ಕಾರಣಗಳಿರಬಹುದು. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಅದರಲ್ಲಿ ಒಂದು ಮಾತ್ರ, ಅದೂ ಕೊನೆಗೆ ನೋಡಬೇಕಾದ್ದು. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ, ಕಿಂಗ್‌ಪಿನ್ (ಮುಂಚಕ್ರ ತಿರುಗಲು ಆಸರೆಯಾದ ಗೂಟ) ಸವೆದಿದ್ದರೆ ಅಲೈನ್‌ಮೆಂಟ್ ಮೆಷಿನ್ ತೋರಿಸುವ ಅಳತೆಯೇ ಸುಳ್ಳಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಸುಲಭವಾದ ಪರೀಕ್ಷೆಗಳು ಮೊದಲು, ಖರ್ಚಿನ ಕೆಲಸ ಕೊನೆಗೆ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಎರಡು ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಮುಂದಿನ ಸಲ ಎಳೆದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ನಂಬಬಹುದಾದ ಒಂದು ಗಾಳಿ ಗೇಜು, ಉದ್ದದ ಅಳತೆ ಟೇಪು, ಸೀಮೆಸುಣ್ಣ, ಗಾರೆ ಕೆಲಸದವರು ಬಳಸುವ ತೂಗುಗುಂಡು, ಟೈರಿನ ಗೀರಿನ ಆಳ ಅಳೆಯುವ ಚಿಕ್ಕ ಗೇಜು, ಒಂದು ಉದ್ದನೆಯ ಸಬ್ಬಲು, ಟಾರ್ಚು. ಲಾರಿಯ ತೂಕ ತಾಳುವ ಜಾಕು ಮತ್ತು ಸ್ಟ್ಯಾಂಡು. ಚಕ್ರಕ್ಕೆ ಅಡ್ಡ ಇಡಲು ಗಟ್ಟಿ ಅಡ್ಡೆಗಳು. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬಹಳ ಒಳ್ಳೆಯದು. ಜೊತೆಗೆ ಬರೆದುಕೊಳ್ಳಲು ಪುಸ್ತಕ, ಸಹಾಯಕ್ಕೆ ಒಬ್ಬರು.

ಕೆಲಸಕ್ಕೆ ಕೈ ಹಾಕುವ ಮೊದಲು ಮೂರು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬರೀ ಜಾಕಿನ ಮೇಲೆ ನಿಂತಿರುವ ಲಾರಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡು ಕೊಟ್ಟ ಮೇಲೆಯೇ ಹೋಗಿ. ಏರ್ ಬ್ರೇಕ್ ಇರುವ ಲಾರಿಯಲ್ಲಿ ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಚೇಂಬರ್ ಬಿಚ್ಚಲು ಹೋಗಬೇಡಿ. ಒಳಗೆ ಅದುಮಿಟ್ಟಿರುವ ಸ್ಪ್ರಿಂಗ್ ಸಿಡಿದರೆ ಜೀವವೇ ಹೋಗುತ್ತದೆ. ಮೂರನೆಯದು, ಓಡುತ್ತಿರುವಾಗ ಪರೀಕ್ಷೆಗೆಂದು ಎಂಜಿನ್ ಆಫ್ ಮಾಡಬೇಡಿ. ಸ್ಟೇರಿಂಗ್ ಕಲ್ಲಿನಂತಾಗುತ್ತದೆ, ಬ್ರೇಕಿನ ಬಲವೂ ಕುಗ್ಗುತ್ತದೆ.

1. ಯಾವಾಗ ಎಳೆಯುತ್ತದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಎಳೆತ ಅನ್ನುವುದು ಒಂದೇ ಮಾತು, ಆದರೆ ಅದರಲ್ಲಿ ಬಗೆಬಗೆ ಇದೆ. ಯಾವ ಬಗೆಯದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಇವನ್ನು ಗಮನಿಸಿ, ಬರೆದಿಡಿ.

ಸಮ ವೇಗದಲ್ಲಿ, ಬ್ರೇಕ್ ಮುಟ್ಟದೆ ಹೋಗುವಾಗಲೂ ಒಂದೇ ಸಮನೆ ಎಳೆಯುತ್ತದೆಯಾ? ಹಾಗಿದ್ದರೆ ಟೈರು, ಹಿಡಿದುಕೊಂಡ ಬ್ರೇಕು, ಆಕ್ಸಲ್ (ಎಡ ಬಲ ಚಕ್ರಗಳನ್ನು ಹೊತ್ತಿರುವ ಅಡ್ಡ ದಂಡ), ಅಲೈನ್‌ಮೆಂಟ್ ಈ ಸಾಲಿನಲ್ಲಿ ಹುಡುಕಬೇಕು.

ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆಯಾ? ಅದು ಹೆಚ್ಚಾಗಿ ಬ್ರೇಕಿನದ್ದೇ ತೊಂದರೆ. ಗಾಳಿ ಒಂದನ್ನು ನೋಡಿಕೊಂಡು ನೇರವಾಗಿ 6ನೇ ಹಂತಕ್ಕೆ ಹೋಗಬಹುದು.

ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಕಾಲು ತೆಗೆದಾಗ ಇನ್ನೊಂದು ಕಡೆಗೆ ತಿರುಗುತ್ತದೆಯಾ? ಹಿಂದಿನ ಆಕ್ಸಲ್ ಜಾಗದಲ್ಲಿ ನಿಲ್ಲುತ್ತಿಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಎಡಕ್ಕೆ ತಿರುಗಿಸಿ ನೇರ ಮಾಡಿದ ಮೇಲೆ ಎಡಕ್ಕೆ, ಬಲಕ್ಕೆ ತಿರುಗಿಸಿ ನೇರ ಮಾಡಿದ ಮೇಲೆ ಬಲಕ್ಕೆ ಎಳೆಯುತ್ತದೆಯಾ? ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಸ್ಟೇರಿಂಗ್ ಕಡೆಯ ಸಲ ಯಾವ ಕಡೆಗೆ ತಿರುಗಿತ್ತೋ ಆ ಕಡೆಗೇ ಎಳೆಯುವುದು ಅಂದರೆ ಎಲ್ಲೋ ಒಂದು ಜಾಯಿಂಟ್ ಬಿಗಿಯಾಗಿ ಕಚ್ಚಿಕೊಂಡಿದೆ ಅಂತ ಅರ್ಥ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಇದು ಹೋಗುವುದಿಲ್ಲ.

ಇನ್ನೊಂದು ಸಂಗತಿ. ಸ್ಟೇರಿಂಗ್ ಚಕ್ರ ಓರೆಯಾಗಿದ್ದು ಲಾರಿ ಮಾತ್ರ ನೇರ ಹೋಗುತ್ತಿದ್ದರೆ ಅದು ಎಳೆತ ಅಲ್ಲ. ಕೈ ಸಡಿಲ ಬಿಟ್ಟಾಗ ಲಾರಿ ತನ್ನಷ್ಟಕ್ಕೆ ಪಕ್ಕಕ್ಕೆ ಹೋಗಬೇಕು, ಹಿಡಿದಿಡಲು ನೀವು ಬಲ ಹಾಕಬೇಕು. ಅದೇ ನಿಜವಾದ ಎಳೆತ. ಕೈ ಸಡಿಲ ಬಿಡಿ ಅಂದರೆ ಹಿಡಿತ ಹಗುರ ಮಾಡಿ ಅಂತ ಅರ್ಥ, ಸ್ಟೇರಿಂಗಿನಿಂದ ಕೈ ತೆಗೆಯಬೇಡಿ.

2. ರಸ್ತೆಯ ಇಳಿಜಾರು ಮೋಸ ಮಾಡುತ್ತಿಲ್ಲ ತಾನೆ?

ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಅಂಚಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದು ಮೀಟರ್ ಅಗಲಕ್ಕೆ ಸುಮಾರು 2 ಸೆಂಟಿಮೀಟರ್ ಇಳಿಜಾರು. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಲಾರಿಗೆ ಗೊತ್ತಾಗುತ್ತದೆ. ಯಾವ ದೋಷವೂ ಇಲ್ಲದ ಲಾರಿಯೂ ಇಳಿಜಾರಿನ ಕಡೆಗೆ ಮೆಲ್ಲಗೆ ಸರಿಯುತ್ತದೆ.

ಅದಕ್ಕೆ ಸಮತಟ್ಟಾದ ಜಾಗದಲ್ಲಿ, ಅಡ್ಡಗಾಳಿ ಇಲ್ಲದಾಗ ಪರೀಕ್ಷಿಸಿ. ಅಂಥ ಜಾಗ ಸಿಗದಿದ್ದರೆ ಇಳಿಜಾರು ಎಡಕ್ಕಿರುವ ರಸ್ತೆಯಲ್ಲಿ ಒಮ್ಮೆ, ಬಲಕ್ಕಿರುವ ರಸ್ತೆಯಲ್ಲಿ ಒಮ್ಮೆ ಓಡಿಸಿ. ಎಳೆತವೂ ದಿಕ್ಕು ಬದಲಿಸಿದರೆ ಅದು ರಸ್ತೆಯದ್ದು. ಎರಡೂ ಕಡೆ ಒಂದೇ ದಿಕ್ಕಿಗೆ ಎಳೆದರೆ ಲಾರಿಯದ್ದು.

3. ಲಾರಿ ಸಮನಾಗಿ ನಿಂತಿದೆಯಾ?

ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಹಿಂದೆ ಸ್ವಲ್ಪ ದೂರ ಹೋಗಿ ನೋಡಿ. ಒಂದು ಕಡೆ ತಗ್ಗಿದೆಯಾ? ಎರಡೂ ಬದಿಯಲ್ಲಿ ಒಂದೇ ಜಾಗದಿಂದ, ಉದಾಹರಣೆಗೆ ಚಾಸಿಯ (ಲಾರಿಯ ಉಕ್ಕಿನ ಚೌಕಟ್ಟಿನ) ಕೆಳ ಅಂಚಿನಿಂದ ನೆಲಕ್ಕೆ ಟೇಪು ಹಿಡಿದು ಅಳೆಯಿರಿ. ತಗ್ಗಿದ್ದರೆ ಲೋಡು ಒಂದು ಬದಿಗೆ ಜಾಸ್ತಿ ಬಿದ್ದಿರಬಹುದು. ಇಲ್ಲವೇ ಕಮಾನು ಪಟ್ಟಿ (ಆಕ್ಸಲಿನ ಮೇಲೆ ಲಾರಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಮುರಿದಿರಬಹುದು, ಬಲ ಕಳೆದುಕೊಂಡು ಬಾಗಿರಬಹುದು. ಏರ್ ಸಸ್ಪೆನ್ಷನ್ ಇದ್ದರೆ ಎತ್ತರ ನಿಯಂತ್ರಿಸುವ ವಾಲ್ವ್ ಸರಿಯಿಲ್ಲದಿರಬಹುದು.

ಖಾಲಿ ಇದ್ದಾಗ ಎಳೆಯದ ಲಾರಿ ಲೋಡು ಹಾಕಿದಾಗ ಮಾತ್ರ ಎಳೆದರೆ ಕಮಾನು, ಬುಷ್ (ಪಿನ್ನು ಕೂರುವ, ಸವೆಯುವ ಕೊಳವೆ), ಆಕ್ಸಲ್ ಕಡೆ ಅನುಮಾನ ಇಟ್ಟುಕೊಳ್ಳಿ. ಟ್ರೇಲರ್ ಇರುವವರು ಅದನ್ನು ಬಿಚ್ಚಿಟ್ಟು ಮುಂದಿನ ಗಾಡಿಯನ್ನು ಮಾತ್ರ ಓಡಿಸಿ ನೋಡಿ. ಎಳೆತ ಮಾಯವಾದರೆ ತೊಂದರೆ ಹೆಚ್ಚಾಗಿ ಟ್ರೇಲರಿನಲ್ಲಿದೆ. ಟ್ರೇಲರ್ ಇಲ್ಲದಾಗ ಹಿಂದಿನ ಚಕ್ರಗಳ ಮೇಲೆ ಭಾರ ಇರುವುದಿಲ್ಲ, ಆದ್ದರಿಂದ ಜೋರಾಗಿ ಬ್ರೇಕ್ ಹಾಕಬೇಡಿ.

4. ಗಾಳಿ: ಎಲ್ಲಾ ಚಕ್ರದ್ದೂ, ತಣ್ಣಗಿದ್ದಾಗ

ಗಾಳಿ ಕಡಿಮೆ ಇರುವ ಟೈರು ರಸ್ತೆಗೆ ಜಾಸ್ತಿ ಅಂಟಿಕೊಂಡು ಉರುಳುತ್ತದೆ, ಲಾರಿ ಆ ಕಡೆಗೆ ಎಳೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಸರಿಯಾಗಿ ನೋಡುವವರು ಕಡಿಮೆ.

ಲಾರಿ ಕನಿಷ್ಠ 3 ಗಂಟೆ ನಿಂತ ಮೇಲೆ ಅಳೆಯಿರಿ. ಓಡಿ ಬಂದ ಟೈರು ಬಿಸಿಯಾಗಿ ಗಾಳಿ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಡಬೇಡಿ. ತಣ್ಣಗಾದ ಮೇಲೆ ಅದೇ ಟೈರಿನಲ್ಲಿ ಗಾಳಿ ಕಡಿಮೆಯಾಗಿರುತ್ತದೆ. ಎಷ್ಟು ಗಾಳಿ ಬೇಕು ಅನ್ನುವುದನ್ನು ಲಾರಿಯ ಮೇಲಿನ ಪ್ಲೇಟಿನಲ್ಲಿ ಇಲ್ಲವೇ ಟೈರ್ ಕಂಪನಿಯ ಲೋಡ್ ಪಟ್ಟಿಯಲ್ಲಿ ನೋಡಿ. ಟೈರಿನ ಬದಿಯಲ್ಲಿ ದೊಡ್ಡದಾಗಿ ಬರೆದಿರುವ ಅಂಕಿ ಅದರ ಗರಿಷ್ಠ ಭಾರಕ್ಕೆ ಬೇಕಾದ ಗಾಳಿ, ನಿಮ್ಮ ಲೋಡಿಗೆ ಬೇಕಾದ್ದು ಬೇರೆ ಇರಬಹುದು. ಮುಂದಿನ ಎರಡು ಟೈರಿಗೆ ಒಂದೇ ಅಂಕಿ ಇರಲಿ.

ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟೈರನ್ನೂ ಗೇಜು ಹಾಕಿಯೇ ನೋಡಿ. ಕೋಲಿನಿಂದ ಬಡಿದು ಶಬ್ದ ಕೇಳುವುದು ಸಾಲದು. ಪೂರ್ತಿ ಚಪ್ಪಟೆಯಾದ ಟೈರು ಅದರಿಂದ ಗೊತ್ತಾಗಬಹುದು, 20 ಪಿಎಸ್‌ಐ (ಗೇಜು ತೋರಿಸುವ ಗಾಳಿ ಒತ್ತಡದ ಅಳತೆ) ಕಡಿಮೆ ಇರುವುದು ಗೊತ್ತಾಗುವುದಿಲ್ಲ. ಒಳಗಿನ ಟೈರು ಸೋತಿದ್ದರೂ ಹೊರಗಿನದು ಅದನ್ನು ಎತ್ತಿ ಹಿಡಿದಿರುತ್ತದೆ. ನೋಡುವುದಕ್ಕೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ಜೋಡಿಯ ಎರಡರ ನಡುವೆ 5 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಬೇಡ.

ಒಂದು ಎಚ್ಚರಿಕೆ. ಇರಬೇಕಾದ ಗಾಳಿಯ 80 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರಿಗೆ ಅಲ್ಲೇ ಗಾಳಿ ತುಂಬಬೇಡಿ. ಅದರೊಳಗಿನ ಉಕ್ಕಿನ ತಂತಿಗಳು ಮಡಚಿ ಸೋತಿರಬಹುದು, ಗಾಳಿ ತುಂಬುವಾಗ ಟೈರಿನ ಬದಿ ಸೀಳಿ ಸ್ಫೋಟಿಸಬಹುದು. ಅದನ್ನು ಬಿಚ್ಚಿಸಿ, ಒಳಗೆ ನೋಡಿಸಿ, ಪಂಜರದೊಳಗೆ ಇಟ್ಟು ಗಾಳಿ ತುಂಬಿಸಬೇಕು.

5. ಟೈರನ್ನು ಕೈಯಿಂದ ಸವರಿ ನೋಡಿ, ಆಮೇಲೆ ಅದಲು ಬದಲು ಮಾಡಿ

ಟೈರು ಹೇಗೆ ಸವೆದಿದೆ ಅನ್ನುವುದರಲ್ಲಿ ಲಾರಿಯ ಕಥೆ ಇರುತ್ತದೆ. ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಅಡ್ಡಡ್ಡ ಸವರಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ತಂತಿ ಎದ್ದಿದ್ದರೆ ಕೈ ಕೊಯ್ಯುತ್ತದೆ, ಮೊದಲು ಕಣ್ಣಲ್ಲಿ ನೋಡಿಕೊಳ್ಳಿ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ತಾಗಿದಂತಾದರೆ ಟೈರು ನೇರವಾಗಿ ಉರುಳುತ್ತಿಲ್ಲ, ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತಿದೆ. ಇದು ಟೋ ತಪ್ಪಿದ ಗುರುತು. ಟೋ ಅಂದರೆ ಮೇಲಿನಿಂದ ನೋಡಿದಾಗ ಎರಡು ಮುಂಚಕ್ರಗಳ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಅಳತೆ.

ಬರೀ ಒಳ ಅಂಚು ಅಥವಾ ಬರೀ ಹೊರ ಅಂಚು ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದೇ ಕ್ಯಾಂಬರ್. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್, ಚಕ್ರದ ಬ್ಯಾಲೆನ್ಸ್ ನೋಡಬೇಕು. ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ.

ಮುಂದಿನ ಎರಡು ಟೈರು ಒಂದೇ ಅಳತೆ, ಒಂದೇ ಮಾದರಿ, ಹೆಚ್ಚು ಕಡಿಮೆ ಒಂದೇ ಸವೆತದ್ದಾಗಿರಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಅರ್ಧ ಸವೆದದ್ದು ಹಾಕಿದರೆ ಚಿಕ್ಕದಾದ ಟೈರಿನ ಕಡೆಗೆ ಎಳೆಯುವುದು ಸಹಜ.

ಈಗ ಬಹಳ ಉಪಯೋಗದ ಪರೀಕ್ಷೆ. ಇದಕ್ಕೆ ದುಡ್ಡೂ ಬೇಕಿಲ್ಲ. ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಎಳೆತ ಇನ್ನೊಂದು ಕಡೆಗೆ ಹೋದರೆ ಅಥವಾ ನಿಂತೇ ಹೋದರೆ ತೊಂದರೆ ಟೈರಿನದು. ರೇಡಿಯಲ್ ಟೈರಿನ ಒಳಗಿನ ಉಕ್ಕಿನ ಪಟ್ಟಿ ಒಂದು ಕೂದಲಿನಷ್ಟು ಪಕ್ಕಕ್ಕೆ ಕೂತಿದ್ದರೂ ಟೈರು ಒಂದು ಕಡೆಗೆ ಉರುಳಲು ನೋಡುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ, ಹೊಸ ಟೈರಿನಲ್ಲೂ ಇರಬಹುದು. ಎಳೆತ ಮೊದಲಿದ್ದ ಕಡೆಗೇ ಇದ್ದರೆ ಟೈರನ್ನು ಬಿಟ್ಟುಬಿಡಿ, ಮುಂದೆ ಹೋಗೋಣ.

ಬಾಣದ ಗುರುತಿರುವ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರಾದರೆ ಈ ಅದಲು ಬದಲು ಪರೀಕ್ಷೆಯ ಮಟ್ಟಿಗೆ ಮಾತ್ರ. ನೋಡಿದ ಮೇಲೆ ವಾಪಸ್ ಹಾಕಿ.

6. ಬ್ರೇಕ್ ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿಯುತ್ತಿಲ್ಲ

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು, ಬ್ರೇಕ್ ಬಿಟ್ಟರೂ ಒಂದು ಚಕ್ರದಲ್ಲಿ ಅದು ಬಿಡದೆ ಉಜ್ಜುತ್ತಿರುವುದು. ಲಾರಿ ಆ ಚಕ್ರದ ಕಡೆಗೆ ಎಳೆಯುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಹಾಕದೆ ನಿಧಾನವಾಗಿ ನಿಲ್ಲಿಸಿ. ತಕ್ಷಣ ಇಳಿದು ಪ್ರತಿ ಚಕ್ರದ ಡ್ರಮ್ಮಿನ ಶಾಖ ಅಳೆಯಿರಿ. ಎಲ್ಲಾ ಚಕ್ರದಲ್ಲೂ ಥರ್ಮಾಮೀಟರನ್ನು ಒಂದೇ ಜಾಗಕ್ಕೆ, ಒಂದೇ ದೂರದಿಂದ ಹಿಡಿಯಿರಿ. ಒಂದೇ ಆಕ್ಸಲಿನ ಎಡ ಬಲವನ್ನು ಮಾತ್ರ ಹೋಲಿಸಿ. ಮುಂದಿನದಕ್ಕೂ ಹಿಂದಿನದಕ್ಕೂ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯ ಹಿಂಭಾಗವನ್ನು ಸ್ವಲ್ಪ ದೂರದಲ್ಲಿ ಹಿಡಿದು ಶಾಖ ನೋಡಿ. ಡ್ರಮ್ಮನ್ನು ಮುಟ್ಟಬೇಡಿ, ಚರ್ಮ ಸುಲಿದು ಬರುತ್ತದೆ.

ಒಂದು ಚಕ್ರ ಮಾತ್ರ ಎದ್ದು ಕಾಣುವಷ್ಟು ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ, ಅಲ್ಲಿ ಬ್ರೇಕ್ ಹಿಡಿದಿದೆ. ಲೈನರನ್ನು (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಯನ್ನು) ವಾಪಸ್ ಎಳೆಯುವ ಸ್ಪ್ರಿಂಗ್ ಸೋತಿರಬಹುದು, ಲೈನರನ್ನು ಡ್ರಮ್ಮಿಗೆ ಒತ್ತುವ ಎಸ್ ಕ್ಯಾಮ್ ಒಣಗಿ ಕಚ್ಚಿರಬಹುದು, ಸ್ಲ್ಯಾಕ್ ಅಡ್ಜಸ್ಟರ್ ಅತಿ ಬಿಗಿಯಾಗಿರಬಹುದು. ಸ್ಲ್ಯಾಕ್ ಅಡ್ಜಸ್ಟರ್ ಅಂದರೆ ಬ್ರೇಕ್ ಚೇಂಬರಿನ ತಳ್ಳುಕಡ್ಡಿಗೂ ಕ್ಯಾಮ್‌ಗೂ ನಡುವೆ ಇರುವ, ಲೈನರ್ ಸವೆದಂತೆ ಅಂತರ ಸರಿಹೊಂದಿಸುವ ತೋಳು. ಆಯಿಲ್ ಬ್ರೇಕ್ ಇರುವ ಲಾರಿಯಾದರೆ ರಬ್ಬರ್ ಹೋಸನ್ನೂ ನೋಡಿ. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿದ್ದರೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಚಕ್ರದ ಬೇರಿಂಗ್ ಬಿಗಿಯಾಗಿದ್ದರೂ ಶಾಖ ಬರುತ್ತದೆ, ಆದರೆ ಆಗ ಡ್ರಮ್ಮಿಗಿಂತ ಚಕ್ರದ ನಡುವಿನ ಹಬ್ ಜಾಸ್ತಿ ಬಿಸಿ ಇರುತ್ತದೆ. ಇದನ್ನು ಕಂಡರೆ ಅಲ್ಲಿಂದ ಮುಂದೆ ಓಡಿಸಬೇಡಿ. ಬೇರಿಂಗ್ ಕಚ್ಚಿ ಚಕ್ರವೇ ಕಳಚಿ ಹೋಗಬಹುದು.

ಎರಡನೆಯದು, ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದು. ಲಾರಿ ಬಲಕ್ಕೆ ಎಳೆದರೆ ಬಲ ಚಕ್ರದಲ್ಲೇ ದೋಷ ಅಂತ ಎಲ್ಲರೂ ಅದನ್ನು ಬಿಚ್ಚುತ್ತಾರೆ. ಆದರೆ ಅನೇಕ ಸಲ ಬಲದ್ದು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಎಡದ್ದು ಹಿಡಿಯುತ್ತಿರುವುದಿಲ್ಲ. ಬ್ರೇಕ್ ಬಲವಾಗಿ ಹಿಡಿಯುವ ಕಡೆಗೆ ಲಾರಿ ತಿರುಗುತ್ತದೆ, ಅಷ್ಟೇ. ಹಲವು ಸಲ ಬ್ರೇಕ್ ಹಾಕಿ ನಿಲ್ಲಿಸಿ, ಆಮೇಲೆ ಶಾಖ ಅಳೆದರೆ ಬ್ರೇಕ್ ಹಿಡಿಯದ ಸೋಮಾರಿ ಚಕ್ರ ತಣ್ಣಗಿರುತ್ತದೆ. ಅಲ್ಲಿ ಸೀಲ್ ಸೋರಿ ಲೈನರಿಗೆ ಗ್ರೀಸ್ ಅಥವಾ ಆಯಿಲ್ ತಾಗಿದೆಯಾ, ಚೇಂಬರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದು ಗಾಳಿ ಸೋರುತ್ತಿದೆಯಾ, ತಳ್ಳುಕಡ್ಡಿ ಜಾಸ್ತಿ ದೂರ ಓಡುತ್ತಿದೆಯಾ ನೋಡಿ. ಎಣ್ಣೆ ಕುಡಿದ ಲೈನರನ್ನು ಒರೆಸಿ, ಸುಟ್ಟು ಮತ್ತೆ ಹಾಕುವುದು ಬೇಡ. ಎರಡೂ ಬದಿಗೆ ಹೊಸದು, ಒಂದೇ ಬಗೆಯದು ಹಾಕಿ.

ಆಟೊಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಇದ್ದರೆ ಅದನ್ನು ಕೈಯಿಂದ ತಿರುಗಿಸಿ ಸರಿಮಾಡಿಬಿಟ್ಟೆ ಅಂದುಕೊಳ್ಳಬೇಡಿ. ಅದು ತಾನಾಗಿಯೇ ಹೊಂದಿಕೊಳ್ಳುತ್ತಿಲ್ಲ ಅಂದರೆ ಅದರಲ್ಲೋ ಬ್ರೇಕಿನ ಬೇರೆ ಭಾಗದಲ್ಲೋ ತೊಂದರೆ ಇದೆ. ಕೈಯಿಂದ ತಿರುಗಿಸಿದರೆ ಆ ತೊಂದರೆ ಸ್ವಲ್ಪ ದಿನ ಮರೆಯಾಗುತ್ತದೆ ಅಷ್ಟೇ.

7. ಮುಂದಿನ ಆಕ್ಸಲಿನಲ್ಲಿ ಆಟ ಇದೆಯಾ?

ಹಿಂದಿನ ಚಕ್ರಗಳಿಗೆ ಅಡ್ಡೆ ಇಟ್ಟು, ಮುಂದಿನ ಆಕ್ಸಲ್ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಚಕ್ರದ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಾಡಿಸಿ. ಅಲುಗಿದರೆ ಅದು ಬೇರಿಂಗಿನ ಆಟವೋ ಕಿಂಗ್‌ಪಿನ್ನಿನ ಆಟವೋ? ತಿಳಿಯುವುದು ಸುಲಭ. ಸಹಾಯಕ್ಕೆ ಬಂದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಆಟ ನಿಂತರೆ ಬೇರಿಂಗಿನದು. ಬ್ರೇಕ್ ಒತ್ತಿದಾಗಲೂ ಅಲುಗಿದರೆ ಕಿಂಗ್‌ಪಿನ್ನಿನದು. ಕಿಂಗ್‌ಪಿನ್ ಅಂದರೆ ಮುಂಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಸರೆಯಾಗಿರುವ ದಪ್ಪ ಗೂಟ. ಅಲುಗಾಡಿಸುವಾಗ ಅದರ ಸಂದಿಗೆ ಟಾರ್ಚು ಬಿಟ್ಟು ನೋಡಿದರೆ ಸಂದು ತೆರೆದು ಮುಚ್ಚುವುದು, ಹಳೆಯ ಗ್ರೀಸ್ ಉಬ್ಬಿ ತಗ್ಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಟೈರಿನ ಕೆಳಗೆ ಸಬ್ಬಲು ಕೊಟ್ಟು ಮೇಲಕ್ಕೆ ಎತ್ತಿ, ಮೇಲೆ ಕೆಳಗಿನ ಆಟವನ್ನೂ ನೋಡಿ.

ಟೈ ರಾಡ್ (ಎರಡು ಮುಂಚಕ್ರಗಳನ್ನು ಜೋಡಿಸುವ ಸಲಾಕೆ) ಮತ್ತು ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಬರುವ ಸಲಾಕೆ) ಇವುಗಳ ತುದಿಯ ಬಾಲ್ ಜಾಯಿಂಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಅಲುಗಬಾರದು. ಸಲಾಕೆ ತನ್ನ ಅಕ್ಷದ ಮೇಲೆ ಸ್ವಲ್ಪ ಉರುಳಿದರೆ ಅದು ಸಹಜ, ದೋಷ ಅಂದುಕೊಂಡು ಒಳ್ಳೆಯ ಜಾಯಿಂಟನ್ನು ಬದಲಿಸಬೇಡಿ.

ಎತ್ತಿರುವಾಗಲೇ ಚಕ್ರಗಳನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಒಂದು ಜಾಗದಲ್ಲಿ ಬಿಗಿ, ಒಂದು ಜಾಗದಲ್ಲಿ ಹಗುರ ಅನ್ನಿಸಿದರೆ, ಅಥವಾ ಎಲ್ಲಾ ಕಡೆಯೂ ಬಿಗಿ ಇದ್ದರೆ, 1ನೇ ಹಂತದಲ್ಲಿ ಹೇಳಿದ "ಕಡೆಯ ಸಲ ತಿರುಗಿದ ಕಡೆಗೇ ಎಳೆಯುವ" ಕಾಯಿಲೆ ಇಲ್ಲೇ ಇದೆ. ಕಿಂಗ್‌ಪಿನ್ನಿಗೆ ಗ್ರೀಸ್ ಹೋಗುತ್ತಿರುವುದಿಲ್ಲ, ಇಲ್ಲವೇ ಅದರ ಕೆಳಗಿನ ಥ್ರಸ್ಟ್ ಬೇರಿಂಗ್ ಒಣಗಿರುತ್ತದೆ. ಗ್ರೀಸ್ ಹೊಡೆಯುವಾಗ ಆಕ್ಸಲ್ ಎತ್ತಿಯೇ ಹೊಡೆಯಿರಿ. ಚಕ್ರ ನೆಲದ ಮೇಲಿದ್ದರೆ ಭಾರ ಬಿದ್ದ ಕಡೆಗೆ ಗ್ರೀಸ್ ನುಗ್ಗುವುದಿಲ್ಲ.

8. ಹಿಂದಿನ ಆಕ್ಸಲ್: ಯಾರೂ ನೋಡದ ಜಾಗ

ಈ ಹಂತಕ್ಕೆ ದಯವಿಟ್ಟು ಸಮಯ ಕೊಡಿ. ಎಳೆತ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಮುಂಚಕ್ರದ ಮೇಲೇ ಇರುತ್ತದೆ. ಆದರೆ ಲಾರಿಯನ್ನು ತಳ್ಳುವುದು ಹಿಂಚಕ್ರ. ಹಿಂದಿನ ಆಕ್ಸಲ್ ಚಾಸಿಗೆ ಸರಿಯಾಗಿ ಅಡ್ಡಲಾಗಿ ಕೂತಿಲ್ಲದಿದ್ದರೆ ಅದು ಲಾರಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಮೂತಿ ಇನ್ನೊಂದು ಕಡೆಗೆ ತಿರುಗುತ್ತದೆ. ನೇರ ಹೋಗಲು ನೀವು ಸ್ಟೇರಿಂಗನ್ನು ಓರೆ ಹಿಡಿಯಬೇಕಾಗುತ್ತದೆ. ಹಿಂದೆ ಬರುವವರಿಗೆ ಲಾರಿ, ನಾಯಿ ಓಡುವ ಹಾಗೆ ಓರೆಯಾಗಿ ಹೋಗುವುದು ಕಾಣುತ್ತದೆ. ಎರಡು ಹಿಂದಿನ ಆಕ್ಸಲ್ ಇರುವ ಲಾರಿಯಲ್ಲಂತೂ ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿ ಇಲ್ಲದಿದ್ದರೆ ಎಳೆತದ ಜೊತೆಗೆ ಟೈರೂ ಬೇಗ ಸವೆದುಹೋಗುತ್ತದೆ.

ಮೊದಲ ಪರೀಕ್ಷೆ ಸುಲಭ. ಸಮತಟ್ಟು ನೆಲದ ಮೇಲೆ ಸ್ವಲ್ಪ ನೀರು ಚೆಲ್ಲಿ. ಅದರ ಮೇಲೆ ಲಾರಿಯನ್ನು ನೇರವಾಗಿ, ನಿಧಾನವಾಗಿ ಓಡಿಸಿ. ಒಣನೆಲದಲ್ಲಿ ಮೂಡುವ ಒದ್ದೆ ಗುರುತು ನೋಡಿ. ಮುಂದಿನ ಚಕ್ರದ ಗುರುತು ಹಿಂದಿನದರ ಮೇಲೆ ಎಡಬದಿಯಲ್ಲಿ ಎಲ್ಲಿ ಬಿದ್ದಿದೆಯೋ, ಬಲಬದಿಯಲ್ಲೂ ಅಷ್ಟೇ ಒಳಗೆ ಬೀಳಬೇಕು. ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ ಬಿದ್ದರೆ ಲಾರಿ ಓರೆ ಓಡುತ್ತಿದೆ.

ಇನ್ನು ಅಳತೆ. ಕೊನೆಯ ಹತ್ತು ಹದಿನೈದು ಮೀಟರ್ ನೇರವಾಗಿ ಓಡಿಸಿ, ಸ್ಟೇರಿಂಗ್ ಅಲ್ಲಾಡಿಸದೆ ನಿಲ್ಲಿಸಿ. ಪ್ರತಿ ಚಕ್ರದ ನಟ್ಟನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮುಂದಿನ ಗುರುತಿನಿಂದ ಹಿಂದಿನ ಗುರುತಿಗೆ ಎಡಬದಿಯ ಅಳತೆ, ಬಲಬದಿಯ ಅಳತೆ ತೆಗೆದುಕೊಳ್ಳಿ. ಎರಡೂ ಒಂದೇ ಇರಬೇಕು. ಟೇಪು ಸಡಿಲವಾದರೆ ಅಳತೆ ತಪ್ಪುತ್ತದೆ, ಅದಕ್ಕೆ ಎರಡು ಸಲ ಅಳೆಯಿರಿ. ಎರಡು ಸಲವೂ 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಳತೆ ಕಡಿಮೆ ಇರುವ ಬದಿಗೆ ಲಾರಿ ಎಳೆಯುತ್ತದೆ. ನಿಮ್ಮ ಲಾರಿ ಎಳೆಯುವುದೂ ಆ ಬದಿಗೇ ಆದರೆ ಕಾರಣದ ಹತ್ತಿರ ಬಂದಿದ್ದೀರಿ.

ಸರಿದಿರುವುದು ಮುಂದಿನ ಆಕ್ಸಲೋ ಹಿಂದಿನದೋ? ಪ್ರತಿ ಆಕ್ಸಲಿಗೂ ಕಮಾನಿನ ಮುಂದಿನ ಬ್ರಾಕೆಟಿನ ಪಿನ್ನಿನಿಂದ ಆಕ್ಸಲಿಗೆ ಎರಡೂ ಬದಿಯಲ್ಲಿ ಅಳೆಯಿರಿ. ಯಾವ ಆಕ್ಸಲಿನಲ್ಲಿ ಎಡ ಬಲ ಹೊಂದುವುದಿಲ್ಲವೋ ಅದೇ ಸರಿದಿರುವುದು.

ಸರಿಯಲು ಕಾರಣವನ್ನು ಅಲ್ಲೇ ಹುಡುಕಿ. ಕಮಾನು ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿರಬಹುದು. ಕಮಾನನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟ್ ಸಡಿಲವಾಗಿರಬಹುದು. ಕಮಾನು ಕೂತಿರುವ ಜಾಗದಲ್ಲಿ ಬಣ್ಣ ಹೋಗಿ ಹೊಳೆಯುವ ಲೋಹ ಕಂಡರೆ, ಬೋಲ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಅಲ್ಲಿ ಅಲುಗಾಟ ಇದೆ. ಕಮಾನಿನ ಪಿನ್ನು ಬುಷ್ಷು ಸವೆದಿರಬಹುದು. ಟಾರ್ಕ್ ರಾಡ್ (ಆಕ್ಸಲನ್ನು ಹಿಂದೆ ಮುಂದೆ ಸರಿಯದಂತೆ ಚಾಸಿಗೆ ಕಟ್ಟಿಹಾಕುವ ಸಲಾಕೆ) ಇದ್ದರೆ ಅದರ ರಬ್ಬರ್ ಬುಷ್‌ಗೆ ಸಬ್ಬಲು ಕೊಟ್ಟು ಮೀಟಿ ನೋಡಿ. ಎಲ್ಲಾ ಸರಿ ಇದ್ದೂ ಅಳತೆ ಹೊಂದದಿದ್ದರೆ, ಅದರಲ್ಲೂ ಲಾರಿ ಹಿಂದೆ ಅಪಘಾತಕ್ಕೆ ಸಿಕ್ಕಿದ್ದರೆ, ಚಾಸಿಯೇ ಬಾಗಿರಬಹುದು. ಅದಕ್ಕೆ ಚಾಸಿಯ ಮೂಲೆಯಿಂದ ಮೂಲೆಗೆ ಅಳೆಯಬೇಕು, ಅದು ವರ್ಕ್‌ಶಾಪಿನ ಕೆಲಸ.

ಸೆಂಟರ್ ಬೋಲ್ಟ್ ತುಂಡಾಗಿರುವುದು ಕಂಡರೆ ಲೋಡು ಹಾಕಿ ಓಡಿಸಬೇಡಿ. ಸುಮ್ನೆ ಯು ಬೋಲ್ಟ್ ಬಿಗಿ ಮಾಡಿ ಹೊರಟುಬಿಡುವವರಿದ್ದಾರೆ. ಆಕ್ಸಲ್ ಜಾಗದಲ್ಲಿ ನಿಂತಿರುವುದು ಆ ಬಿಗಿತದ ಮೇಲೆ ಮಾತ್ರ, ಜೋರಾಗಿ ಬ್ರೇಕ್ ಹಾಕಿದಾಗ ಅದು ಜಾರಬಹುದು.

9. ಪವರ್ ಸ್ಟೇರಿಂಗ್

ಇದು ಅಪರೂಪ, ಆದರೆ ಪರೀಕ್ಷೆ ಸುಲಭ. ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡಿನ ಮೇಲಿರುವಾಗ ಚಕ್ರ ನೇರ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೇರಿಂಗ್ ಮುಟ್ಟಬೇಡಿ. ತಾನಾಗಿಯೇ ಒಂದು ಕಡೆಗೆ ತಿರುಗತೊಡಗಿದರೆ ಸ್ಟೇರಿಂಗ್ ಬಾಕ್ಸಿನ ಒಳಗಿನ ವಾಲ್ವ್ ಸಮತೋಲ ತಪ್ಪಿದೆ. ಯಾರೂ ಚಕ್ರದ ಹತ್ತಿರ ಇರಬಾರದು. ಬಾಕ್ಸನ್ನು ಚಾಸಿಗೆ ಬಿಗಿದಿರುವ ಬೋಲ್ಟುಗಳನ್ನೂ ಒಮ್ಮೆ ನೋಡಿಬಿಡಿ.

10. ಕೊನೆಗೆ ಅಲೈನ್‌ಮೆಂಟ್

ಇಲ್ಲಿಯವರೆಗಿನ ಎಲ್ಲಾ ಸರಿ ಇದ್ದು ಎಳೆತ ಉಳಿದಿದ್ದರೆ ಈಗ ಅಲೈನ್‌ಮೆಂಟ್ ಮಾಡಿಸಿ. ಅಂಗಡಿಯವರು ಟೋ ಒಂದನ್ನೇ ಸರಿಮಾಡಿ ಕಳಿಸುವುದು ಸಾಮಾನ್ಯ. ಟೋ ತಪ್ಪಿದರೆ ಟೈರು ಸವೆಯುತ್ತದೆ, ಸ್ಟೇರಿಂಗ್ ಓರೆಯಾಗಬಹುದು. ಆದರೆ ಮುಂಚಕ್ರದ ಟೋ ತಾನೊಂದೇ ಎಳೆತ ತರುವುದು ಬಹಳ ಕಡಿಮೆ, ಯಾಕೆಂದರೆ ಓಡುವಾಗ ಎರಡು ಚಕ್ರಗಳೂ ಅದನ್ನು ಸಮವಾಗಿ ಹಂಚಿಕೊಳ್ಳುತ್ತವೆ. ಎಳೆತ ತರುವುದು ಕ್ಯಾಂಬರ್ ಮತ್ತು ಕ್ಯಾಸ್ಟರಿನಲ್ಲಿ ಎಡ ಬಲದ ವ್ಯತ್ಯಾಸ.

ಚಕ್ರದ ತಲೆ ಯಾವ ಬದಿಯಲ್ಲಿ ಜಾಸ್ತಿ ಹೊರಕ್ಕೆ ವಾಲಿದೆಯೋ ಆ ಬದಿಗೆ ಎಳೆಯುತ್ತದೆ. ಇನ್ನು ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ. ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಇದರಿಂದ. ಅದು ಕಡಿಮೆ ಇರುವ ಬದಿಗೆ ಲಾರಿ ಎಳೆಯುತ್ತದೆ. ಎಡ ಬಲಕ್ಕೆ ಅರ್ಧ ಡಿಗ್ರಿ ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗಬಹುದು.

ಅದಕ್ಕೆ ಅಂಗಡಿಯವರನ್ನು ಹೀಗೆ ಕೇಳಿ: ಎಲ್ಲಾ ಆಕ್ಸಲುಗಳನ್ನೂ ಅಳೆಯುತ್ತೀರಾ, ಮುಂದಿನದನ್ನು ಮಾತ್ರವಾ? ಕ್ಯಾಂಬರ್, ಕ್ಯಾಸ್ಟರ್ ಅಂಕಿಗಳನ್ನು ಎಡ ಬಲ ಬೇರೆ ಬೇರೆ ಬರೆದುಕೊಡುತ್ತೀರಾ? ಸರಿಮಾಡುವ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಕೊಡುತ್ತೀರಾ? ಕಂಪನಿ ಕೊಟ್ಟಿರುವ ಅಳತೆಯ ಜೊತೆ ಅವನ್ನು ಹೋಲಿಸಿ. ನೀವು ಇಲ್ಲಿಯವರೆಗೆ ಬರೆದಿಟ್ಟದ್ದನ್ನೂ ಅವರಿಗೆ ತೋರಿಸಿ, ಒಳ್ಳೆಯ ಮೆಕ್ಯಾನಿಕ್‌ಗೆ ಅದರಿಂದ ಬಹಳ ಅನುಕೂಲ.

ಕ್ಯಾಸ್ಟರನ್ನು ಕಮಾನು ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ತಗಡು ಕೊಟ್ಟು ಸರಿಮಾಡುತ್ತಾರೆ. ಕ್ಯಾಂಬರ್ ಹಾಗಲ್ಲ, ಒಂದೇ ತುಂಡಿನ ಗಟ್ಟಿ ಆಕ್ಸಲಿನಲ್ಲಿ ಅದು ತಯಾರಿಸುವಾಗಲೇ ನಿಗದಿಯಾಗಿರುತ್ತದೆ. ಅದು ತಪ್ಪಿದೆ ಅಂದರೆ ಕಿಂಗ್‌ಪಿನ್ ಸವೆದಿದೆ, ಇಲ್ಲವೇ ಆಕ್ಸಲ್ ಬಾಗಿದೆ. ಬಾಗಿದ ಆಕ್ಸಲನ್ನು ಕಾಯಿಸಿ ನೇರ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಕಾಯಿಸಿದ ಉಕ್ಕು ಬಲ ಕಳೆದುಕೊಂಡು ಓಡುವಾಗ ಮುರಿಯಬಹುದು.

ಕೆಲಸ ಮುಗಿದ ಮೇಲೆ ಮೊದಲು ಓಡಿಸಿದ್ದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಖಾಲಿ ಒಮ್ಮೆ, ಲೋಡು ಹಾಕಿ ಒಮ್ಮೆ ಓಡಿಸಿ ನೋಡಿ. ಚಕ್ರ ಬಿಚ್ಚಿ ಹಾಕಿದ್ದರೆ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ (ಬಿಗಿತದ ಅಳತೆ ತೋರಿಸುವ ಪಾನಾದಿಂದ) ಮತ್ತೆ ಬಿಗಿ ನೋಡಲೇಬೇಕು. ಯು ಬೋಲ್ಟ್ ಹೊಸದು ಹಾಕಿದ್ದರೆ ಅದನ್ನೂ ಲೋಡು ಹೊತ್ತು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಿ.